ಹೈಬ್ರಿಡ್ ಕಾರಿನ ಸಹಾಯಕ ಬ್ಯಾಟರಿ: ಕೆಲಸ ಮತ್ತು ಆರೈಕೆ

ನನ್ನ ಮಾಮು ಹುಣಸೂರಿನಲ್ಲಿ ಬಾಡಿಗೆಗೆ ಕಾರು ಓಡಿಸುತ್ತಾರೆ. ಅವರದು ಹೈಬ್ರಿಡ್ ಕಾರು. ಕಳೆದ ವರ್ಷ ಉಮ್ರಾಕ್ಕೆ ಹೋಗುವಾಗ ಅದನ್ನು ಮನೆ ಮುಂದೆ ನಿಲ್ಲಿಸಿ ಹೋಗಿದ್ದರು. ತಿಂಗಳಾದ ಮೇಲೆ ಬಂದರು. ಮರುದಿನವೇ ಪಿರಿಯಾಪಟ್ಟಣದ ಒಬ್ಬ ಅಜ್ಜಿಯನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು.

ಬೆಳಗಿನ ಜಾವ ರಿಮೋಟ್ ಒತ್ತಿದರೆ ಬಾಗಿಲೇ ತೆರೆಯಲಿಲ್ಲ. ರಿಮೋಟಿನೊಳಗಿನ ಚಿಕ್ಕ ಕೀಲಿಯಿಂದ ತೆರೆದರೂ ಒಂದು ದೀಪವೂ ಹತ್ತಲಿಲ್ಲ. ಫಜರ್ ನಮಾಜ್ ಮುಗಿಸಿ ಬಂದ ನಾಲ್ಕು ಜನ ತಳ್ಳಲು ನಿಂತರು. ಕಾರು ಪಾರ್ಕಿಂಗ್ ಗೇರಿನಲ್ಲಿ ಲಾಕ್ ಆಗಿದ್ದರಿಂದ ಅಲುಗಲೂ ಇಲ್ಲ. ಆಟೋ ಎಲೆಕ್ಟ್ರಿಷಿಯನ್ ಬಂದು ಮೀಟರ್ ಹಿಡಿದು ನೋಡಿ, "ಚಿಕ್ಕ ಬ್ಯಾಟರಿ ಡೌನ್ ಆಗಿದೆ ಭಾಯ್, ದೊಡ್ಡದು ಚೆನ್ನಾಗಿಯೇ ಇದೆ" ಎಂದರು. ಅಷ್ಟರಲ್ಲಿ ಅಜ್ಜಿ ಬಸ್ಸು ಹತ್ತಿ ಹುಣಸೂರು ದಾಟಿ ಹೋಗಿದ್ದರು. ಮಾಮು ಮುಂಗಡ ವಾಪಸ್ ಕೊಟ್ಟರು.

ದೊಡ್ಡ ಬ್ಯಾಟರಿ ಇರುವಾಗ ಚಿಕ್ಕದು ಏಕೆ ಬೇಕು? ಅದನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಎರಡು ಬ್ಯಾಟರಿಗಳು

ನಮ್ಮ ಮೈಸೂರು–ಬೆಂಗಳೂರು ರಸ್ತೆಯ ಬಿಡದಿಯಲ್ಲಿರುವ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್ ತಯಾರಾಗುತ್ತಿದೆ. 2022ರಲ್ಲಿ ಹೈರೈಡರ್ ಮತ್ತು ಇನ್ನೋವಾ ಹೈಕ್ರಾಸ್ ಬಂದವು. ಇಂಥ ಸ್ಟ್ರಾಂಗ್ ಹೈಬ್ರಿಡ್ ಕಾರುಗಳಲ್ಲಿ ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರ್ ಇರುತ್ತದೆ. ಮೋಟಾರಿಗೆ ನೂರಕ್ಕೂ ಹೆಚ್ಚು ವೋಲ್ಟಿನ ದೊಡ್ಡ ಬ್ಯಾಟರಿ. ಅದರ ಜೊತೆಗೆ 12 ವೋಲ್ಟಿನ ಚಿಕ್ಕದೊಂದು ಇರುತ್ತದೆ. ಅದೇ ಸಹಾಯಕ ಬ್ಯಾಟರಿ.

ಟ್ರ್ಯಾಕ್ಟರಿನಲ್ಲಿ ಸೆಲ್ಫ್ ಹೊಡೆಯುವುದು 12 ವೋಲ್ಟ್ ಬ್ಯಾಟರಿ. ಇಲ್ಲಿ ಹಾಗಲ್ಲ. ಎಂಜಿನ್ ತಿರುಗಿಸುವುದು ದೊಡ್ಡ ಬ್ಯಾಟರಿಯ ಶಕ್ತಿಯೇ. ಆದರೆ ಕಾರು ಆಫ್ ಆದಾಗ ಸುರಕ್ಷತೆಗಾಗಿ ದೊಡ್ಡ ಬ್ಯಾಟರಿಯ ಸಂಪರ್ಕ ಪೂರ್ತಿ ಕಡಿದಿರುತ್ತದೆ. ಮತ್ತೆ ಜೋಡಿಸಲು ರಿಲೇಗಳು ಮುಚ್ಚಿಕೊಳ್ಳಬೇಕು, ಕಂಪ್ಯೂಟರ್ ಎಚ್ಚರಗೊಳ್ಳಬೇಕು. ಈ ಎರಡಕ್ಕೂ 12 ವೋಲ್ಟ್ ಬೇಕು. ಬೀಗ, ದೀಪ, ಹಾರನ್, ವೈಪರ್ ನಡೆಯುವುದೂ ಈ 12 ವೋಲ್ಟಿನಲ್ಲೇ.

ಕಾರು ಸಿದ್ಧವಾಗಿ ಫಲಕದಲ್ಲಿ 'ರೆಡಿ' ದೀಪ ಬಂದ ಮೇಲೆ, ಡಿಸಿ–ಡಿಸಿ ಕನ್ವರ್ಟರ್ ಎಂಬ ಸಾಧನ ದೊಡ್ಡ ಬ್ಯಾಟರಿಯ ವೋಲ್ಟನ್ನು ಸುಮಾರು 14ಕ್ಕೆ ಇಳಿಸಿ ಚಿಕ್ಕದನ್ನು ಚಾರ್ಜ್ ಮಾಡುತ್ತದೆ. ಸಾಮಾನ್ಯ ಕಾರಿನ ಡೈನಮೋ ಮಾಡುವ ಕೆಲಸ ಇದು.

ಮುನ್ಸೂಚನೆ ಸಿಗುವುದಿಲ್ಲ

ಸಾಮಾನ್ಯ ಕಾರಿನಲ್ಲಿ ಬ್ಯಾಟರಿ ಹಳೆಯದಾದರೆ ಸೆಲ್ಫ್ ನಿಧಾನವಾಗುತ್ತದೆ. ಆ ಸದ್ದಿನಲ್ಲೇ ನಮಗೆ ಗೊತ್ತಾಗುತ್ತದೆ. ಹೈಬ್ರಿಡ್‌ನಲ್ಲಿ ಕಂಪ್ಯೂಟರನ್ನು ಎಬ್ಬಿಸಲು ಸ್ವಲ್ಪ ಕರೆಂಟ್ ಸಾಕು. ಆದ್ದರಿಂದ ದುರ್ಬಲ ಬ್ಯಾಟರಿಯೂ ನಿನ್ನೆಯವರೆಗೆ ಕೆಲಸ ಮಾಡಿ ಇವತ್ತು ದಿಢೀರನೆ ಕೈಕೊಡುತ್ತದೆ. ಕಾರು ನಿಂತಿದ್ದಾಗಲೂ ಅಲಾರಂ ಮತ್ತು ರಿಮೋಟಿನ ಸಂಕೇತ ಹಿಡಿಯುವ ಭಾಗ ಸ್ವಲ್ಪ ಸ್ವಲ್ಪ ಕರೆಂಟ್ ಕುಡಿಯುತ್ತಲೇ ಇರುತ್ತವೆ. ಮಾಮು ಕಾರಿಗೆ ಆದದ್ದು ಅದೇ.

ಆರೈಕೆ ಹೇಗೆ?

1. ಓಡಿಸದಿದ್ದರೂ ವಾರಕ್ಕೊಮ್ಮೆ ಅರ್ಧ ಗಂಟೆಯಿಂದ ಒಂದು ಗಂಟೆ 'ರೆಡಿ'ಯಲ್ಲಿಡಿ. ಎಂಜಿನ್ ತಾನಾಗಿಯೇ ಶುರುವಾಗಬಹುದು, ಆದ್ದರಿಂದ ಮುಚ್ಚಿದ ಶೆಡ್ಡಿನಲ್ಲಿ ಬೇಡ. ಪಾರ್ಕಿಂಗ್ ಗೇರಿನಲ್ಲೇ ಇರಲಿ, ಒಬ್ಬರು ಹತ್ತಿರವಿರಲಿ.
2. 'ರೆಡಿ' ಬಾರದೆ ಹಾಡು, ದೀಪ ಹಾಕಿ ಕೂರಬೇಡಿ. ಆಗ ಬ್ಯಾಟರಿ ಖಾಲಿಯಾಗುತ್ತದೆಯೇ ಹೊರತು ತುಂಬುವುದಿಲ್ಲ.
3. ರಿಮೋಟ್ ಕೀಲಿಯನ್ನು ಕಾರಿನಿಂದ ದೂರವಿಡಿ.
4. ಕೆಲವು ಗಂಟೆ ನಿಂತ ಕಾರಿನಲ್ಲಿ ಮೀಟರಿಟ್ಟು ನೋಡಿಸಿ. ಸಾಮಾನ್ಯ ಸೀಸದ ಬ್ಯಾಟರಿಯಲ್ಲಿ 12.6 ವೋಲ್ಟ್ ಎಂದರೆ ತುಂಬಿದೆ, 12.2 ಎಂದರೆ ಸುಮಾರು ಅರ್ಧ, 12ಕ್ಕಿಂತ ಕಡಿಮೆ ಎಂದರೆ ಬಹುತೇಕ ಖಾಲಿ.
5. ಬದಲಾಯಿಸುವಾಗ ಕೈಪಿಡಿಯಲ್ಲಿ ಹೇಳಿದ ಬಗೆಯದ್ದನ್ನೇ ಹಾಕಿಸಿ. ಕೆಲವು ಕಾರುಗಳಲ್ಲಿ ಇದು ಬಾನೆಟ್ಟಿನಲ್ಲಿಲ್ಲ, ಸೀಟಿನ ಕೆಳಗೋ ಡಿಕ್ಕಿಯಲ್ಲೋ ಇರುತ್ತದೆ. ಅಲ್ಲಿಗೆ ಅನಿಲ ಹೊರಹೋಗುವ ಕೊಳವೆ ಇರುವ ಬ್ಯಾಟರಿ ಬೇಕಾಗುತ್ತದೆ.
6. ಜಂಪ್ ಕೇಬಲ್ ಹಾಕುವಾಗ ಪ್ಲಸ್, ಮೈನಸ್ ಅದಲುಬದಲಾದರೆ ಬೆಲೆಬಾಳುವ ಭಾಗಗಳು ಸುಡಬಹುದು. ಈ ಚಿಕ್ಕ ಬ್ಯಾಟರಿಯಿಂದ ಬೇರೆ ಗಾಡಿಗೆ ಜಂಪ್ ಕೊಡಲೂ ಹೋಗಬೇಡಿ.
7. ಕಿತ್ತಳೆ ಬಣ್ಣದ ಕೇಬಲ್ ಮುಟ್ಟಲೇಬೇಡಿ. ಅದು ದೊಡ್ಡ ಬ್ಯಾಟರಿಯದು, ಜೀವಕ್ಕೆ ಅಪಾಯ.
8. ಹಳೆಯದನ್ನು ತಿಪ್ಪೆಗೆ ಎಸೆಯದೆ ಅಂಗಡಿಗೇ ಕೊಡಿ. ಸೀಸ ನೀರಿಗೂ ಮಣ್ಣಿಗೂ ವಿಷ. ಹಳೆಯ ಬ್ಯಾಟರಿಗಳನ್ನು ಹಿಂಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿ ಕೇಂದ್ರ ಸರ್ಕಾರ 2022ರಲ್ಲಿ ನಿಯಮ ಮಾಡಿದೆ.

ವಾಣಿಜ್ಯದ ಪಾಠ

ವ್ಯವಹಾರ ಅಧ್ಯಯನದಲ್ಲಿ ನಾವು ಸ್ಥಿರ ಬಂಡವಾಳ, ದುಡಿಯುವ ಬಂಡವಾಳ ಎಂದು ಓದುತ್ತೇವೆ. ಕಟ್ಟಡ, ಯಂತ್ರ ಎಲ್ಲ ಇದ್ದೂ ದಿನದ ಖರ್ಚಿಗೆ ಕಾಸಿಲ್ಲದಿದ್ದರೆ ಅಂಗಡಿ ಬಾಗಿಲು ತೆರೆಯುವುದಿಲ್ಲ. ಆ ಬೆಳಿಗ್ಗೆ ಲಕ್ಷಾಂತರ ರೂಪಾಯಿಯ ಕಾರು, ತುಂಬಿದ ಟ್ಯಾಂಕ್, ಒಳ್ಳೆಯ ದೊಡ್ಡ ಬ್ಯಾಟರಿ ಎಲ್ಲವೂ ಇದ್ದವು. ಬಾಗಿಲು ತೆರೆಯುವ 12 ವೋಲ್ಟ್ ಮಾತ್ರ ಇರಲಿಲ್ಲ.

ಬಾಡಿಗೆ ಇಲ್ಲದ ವಾರಗಳಲ್ಲಿ ಮಾಮು ಈಗ ಶುಕ್ರವಾರ ಜುಮಾಗೆ ಮುಂಚೆ ಕಾರನ್ನು ಅರ್ಧ ಗಂಟೆ 'ರೆಡಿ'ಯಲ್ಲಿಟ್ಟು ಪಕ್ಕದಲ್ಲೇ ಕೂರುತ್ತಾರೆ. ಆ ಅಜ್ಜಿ ಮುಂದಿನ ಸಲ ಆಸ್ಪತ್ರೆಗೆ ಹೋದದ್ದು ಅದೇ ಕಾರಿನಲ್ಲಿ. ನಿಮ್ಮ ಮನೆಯಲ್ಲೂ ಇಂಥ ಕಾರು ನಿಂತಿದ್ದರೆ ಈ ವಾರವೇ ಒಮ್ಮೆ ಅದರ ಚಿಕ್ಕ ಬ್ಯಾಟರಿಯನ್ನು ನೋಡಿಸಿ.