ಕ್ವಾಂಜಾ: ಪ್ರಥಮ ಫಲಗಳ ಹಬ್ಬವೂ ಅದರ ಕಥೆ ಕೈಗೆಲಸಗಳೂ

ಕ್ರಿಸ್ಮಸ್ ಹಬ್ಬದ ಮರುದಿನ, ಅಂದರೆ ಡಿಸೆಂಬರ್ 26ನೆಯ ತಾರೀಖು ಮೊದಲುಗೊಂಡು ಜನವರಿ 1ನೆಯ ತಾರೀಖಿನ ವರೆಗೆ, ಅಮೇರಿಕಾ ಸಂಯುಕ್ತ ಸಂಸ್ಥಾನದಲ್ಲಿ ಆಫ್ರಿಕ ಮೂಲದ ಅನೇಕ ಕುಟುಂಬಗಳವರು ಕ್ವಾಂಜಾ ಎಂಬ ಹಬ್ಬವನ್ನು ಆಚರಿಸುತ್ತಾರೆ. ಸ್ವಾಹಿಲಿ ಭಾಷೆಯಲ್ಲಿ ‘ಮಟುಂಡಾ ಯಾ ಕ್ವಾಂಜಾ’ ಎಂದರೆ ಪ್ರಥಮ ಫಲಗಳು. ಸತ್ಯವೇದವನ್ನು ಓದಿದವರಿಗೂ, ಸುಗ್ಗಿಯಲ್ಲಿ ಹೊಸ ತೆನೆಯನ್ನು ಮನೆಗೆ ತರುವವರಿಗೂ ಈ ಮಾತು ಹೊಸದಲ್ಲ. ಆದರೆ ಈ ಹಬ್ಬವು ಹೊಲದಲ್ಲಿ ಹುಟ್ಟಿದುದಲ್ಲ. ಪಟ್ಟಣದಲ್ಲಿ, ದುಃಖದ ಕಾಲದಲ್ಲಿ ಹುಟ್ಟಿದುದು.

1965ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಲಾಸ್ ಏಂಜಲೀಸ್ ಪಟ್ಟಣದ ವಾಟ್ಸ್ ಎಂಬ ಭಾಗದಲ್ಲಿ ದೊಡ್ಡ ದಂಗೆಯಾಗಿ, ಆರು ದಿನಗಳಲ್ಲಿ 34 ಮಂದಿ ಮೃತರಾದರು. ಮರುವರುಷ ಅದೇ ಪಟ್ಟಣದಲ್ಲಿ ಮೌಲಾನಾ ಕರೆಂಗಾ ಎಂಬವರು ಈ ಹಬ್ಬವನ್ನು ಏರ್ಪಡಿಸಿದರು. ಐಕ್ಯ, ಸ್ವನಿರ್ಣಯ, ಕೂಡಿ ದುಡಿಯುವುದು, ಸಹಕಾರದ ವ್ಯಾಪಾರ, ಉದ್ದೇಶ, ಸೃಷ್ಟಿ, ನಂಬಿಕೆ ಎಂಬ ಏಳು ತತ್ತ್ವಗಳಲ್ಲಿ ದಿನಕ್ಕೊಂದರಂತೆ ಧ್ಯಾನಿಸಬೇಕೆಂಬುದು ಅವರ ಕ್ರಮ. ಆರಂಭದಲ್ಲಿ ಅವರು ಇದನ್ನು ಕ್ರಿಸ್ಮಸ್ಸಿಗೆ ಬದಲಾಗಿ ಎಣಿಸಿದ್ದುದುಂಟು. ಮುಂದೆ ಯಾರ ಮತಕ್ಕೂ ಮತದ ಹಬ್ಬಕ್ಕೂ ಇದು ಬದಲಲ್ಲವೆಂದು ತಾವೇ ಬರೆದರು. ಈಗ ಎಷ್ಟೋ ಕ್ರೈಸ್ತ ಕುಟುಂಬಗಳವರು ಎರಡನ್ನೂ ಆಚರಿಸುತ್ತಾರೆ.

ಒಬ್ಬ ಮನುಷ್ಯನು ಕುಳಿತು ಏರ್ಪಡಿಸಿದುದು ಹಬ್ಬವಾದೀತೇ ಎಂದು ಕೇಳುವವರಿದ್ದಾರೆ. ಇನ್ನೂ ಒಂದು ಆಕ್ಷೇಪಣೆಯುಂಟು: ಸ್ವಾಹಿಲಿಯು ಪೂರ್ವ ತೀರದ ಭಾಷೆ, ಅಮೇರಿಕಕ್ಕೆ ದಾಸರಾಗಿ ಒಯ್ಯಲ್ಪಟ್ಟವರಲ್ಲಿ ಬಹುಮಂದಿ ಪಶ್ಚಿಮ ಮತ್ತು ಮಧ್ಯ ಆಫ್ರಿಕದವರು. ಇವೆರಡೂ ನಿಜವೇ. ಆದರೆ ಈ ಜನರು ಏನನ್ನು ಕಳೆದುಕೊಂಡಿದ್ದರೆಂಬುದನ್ನು ಮೊದಲು ತಿಳಿಯಬೇಕು. 1850 ಮತ್ತು 1860ರ ಜನಗಣತಿಯಲ್ಲಿ ದಾಸರಿಗಾಗಿ ಬೇರೆ ಪಟ್ಟಿಗಳನ್ನು ಮಾಡಿದ್ದರು. ಅವುಗಳಲ್ಲಿ ಯಜಮಾನನ ಹೆಸರಿನ ಕೆಳಗೆ ದಾಸರ ವಯಸ್ಸು, ಲಿಂಗ, ಮೈಬಣ್ಣ ಇಷ್ಟನ್ನೇ ಬರೆದರಲ್ಲದೆ, ವಿರಳವಾಗಿ ಹೊರತು ಅವರ ಹೆಸರನ್ನು ಬರೆಯಲಿಲ್ಲ. ಎಲ್ಲರ ಹೆಸರುಗಳೂ ಬಂದದ್ದು 1870ರ ಗಣತಿಯಲ್ಲಿ. ಆದುದರಿಂದ ತಮ್ಮ ವಂಶವನ್ನು ಹುಡುಕುತ್ತಾ ಹಿಂದಕ್ಕೆ ಹೋಗುವವರು 1870ಕ್ಕೆ ಬಂದಾಗ ಗೋಡೆಯ ಮುಂದೆ ನಿಂತಂತಾಗುತ್ತದೆ. ಅದರಾಚೆ ಒಬ್ಬ ಮುದುಕಿ, ಇಬ್ಬರು ಹುಡುಗರು, ಇಷ್ಟೇ. ದಕ್ಷಿಣ ಕೆರೊಲೈನದಲ್ಲಿಯಂತೂ 1740ರಲ್ಲೇ ದಾಸರಿಗೆ ಬರೆಯಲು ಕಲಿಸುವುದನ್ನು ಕಾನೂನಿನಿಂದ ನಿಷೇಧಿಸಿದ್ದರು. ಹೀಗೆ ಕಾಗದವು ಮುಚ್ಚಿದ ಜನಕ್ಕೆ ಉಳಿದುದು ಬಾಯಿಯೂ ಕೈಯೂ ಮಾತ್ರ. ಈ ಕಾರಣದಿಂದಲೇ ಕ್ವಾಂಜಾದಲ್ಲಿ ಕಥೆ ಹೇಳುವುದೂ ಕೈಯಿಂದ ಮಾಡುವುದೂ ಹಬ್ಬದ ಜೀವಾಳವೆಂದು ನನಗೆ ತೋರುತ್ತದೆ. ಅಂಗಡಿಯಲ್ಲಿ ಕೊಂಡು ತಂದ ಅಲಂಕಾರದಿಂದ ಹಬ್ಬ ನಡೆದೀತು, ಆದರೆ ಅದರ ಅರ್ಥವು ಮಕ್ಕಳ ಕೈಗೆ ಸಿಕ್ಕಲಾರದು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರೂ ಉಪಾಧ್ಯಾಯಿನಿಯರೂ ಆಗಿರುವುದರಿಂದ ಕ್ರಮವನ್ನು ಸ್ವಲ್ಪ ವಿವರಿಸುವೆನು. ಮೊದಲು ‘ಮ್ಕೆಕಾ’ ಎಂಬ ಚಾಪೆಯನ್ನು ಹಾಸುವರು. ಅದು ಪೂರ್ವಿಕರ ಚರಿತ್ರೆಯ ಗುರುತು. ಮಕ್ಕಳು ಇದನ್ನು ಕಾಗದದಿಂದ ಹೆಣೆಯುವುದುಂಟು. ಕಪ್ಪು ಕಾಗದವನ್ನು ಎರಡಾಗಿ ಮಡಿಸಿ, ಮಡಿಕೆಯ ಕಡೆಯಿಂದ ಸೀಳುತ್ತಾ ಅಂಚಿಗೆ ಒಂದಂಗುಲವಿರುವಾಗ ನಿಲ್ಲಿಸಿ ಬಿಡಿಸಿದರೆ ಹಾಸು ಆಯಿತು. ಕೆಂಪು ಹಸುರು ಪಟ್ಟಿಗಳನ್ನು ಒಂದರ ಮೇಲೂ ಒಂದರ ಕೆಳಗೂ ತೂರಿಸಿದರೆ ಹೊಕ್ಕು. ಚಾಪೆಯ ಮೇಲೆ ‘ಕಿನಾರಾ’ ಎಂಬ ದೀಪಸ್ತಂಭ. ಅದರಲ್ಲಿ ನಡುವೆ ಒಂದು ಕಪ್ಪು ಮೇಣದ ಬತ್ತಿ, ಎಡಕ್ಕೆ ಮೂರು ಕೆಂಪು, ಬಲಕ್ಕೆ ಮೂರು ಹಸುರು. ಕಪ್ಪು ಜನರಿಗೂ, ಕೆಂಪು ಅವರ ಹೋರಾಟಕ್ಕೂ, ಹಸುರು ಮುಂದಣ ಕಾಲದ ನಿರೀಕ್ಷೆಗೂ ಗುರುತು. ಹಣ್ಣುಗಳೊಂದಿಗೆ ಮನೆಯ ಮಕ್ಕಳ ಲೆಕ್ಕಕ್ಕೆ ಸರಿಯಾಗಿ ಮೆಕ್ಕೆಜೋಳದ ತೆನೆಗಳನ್ನಿಡುವರು. ಮಕ್ಕಳಿಲ್ಲದ ಮನೆಯಲ್ಲಿಯೂ ತೆನೆಯನ್ನಿಡುವರು. ಯಾಕೆಂದರೆ ಊರ ಮಕ್ಕಳು ಎಲ್ಲರ ಮಕ್ಕಳು. ‘ಹಬಾರಿ ಗಾನಿ’, ಅಂದರೆ ಏನು ಸಮಾಚಾರ, ಎಂದು ಒಬ್ಬರು ಕೇಳಿದರೆ ಉಳಿದವರು ಆ ದಿನದ ತತ್ತ್ವದ ಹೆಸರನ್ನೇ ಉತ್ತರವಾಗಿ ಹೇಳಿ ಬತ್ತಿಯನ್ನು ಹೊತ್ತಿಸುವರು.

ಆ ಮೇಲೆ ಕಥೆ. ಇಂಥ ಸಂಜೆಗಳಿಗೆ ಒಪ್ಪುವ ಒಂದು, ಘಾನಾ ದೇಶದ ಆಕಾನ್ ಜನರಿಂದ ಬಂದ ಅನಾನ್ಸಿ ಎಂಬ ಜೇಡನ ಕಥೆ. ಲೋಕದ ಕಥೆಗಳೆಲ್ಲವೂ ಆಕಾಶದೇವನಾದ ನ್ಯಾಮೆಯ ಬಳಿಯಲ್ಲಿದ್ದುವಂತೆ. ಅವುಗಳ ಕ್ರಯವಾಗಿ ಹೆಬ್ಬಾವು, ಚಿರತೆ, ಕಣಜದ ಹಿಂಡು ಮೊದಲಾದುವನ್ನು ತರಬೇಕೆಂದು ಅವನು ಕೇಳಿದನು. ಅನಾನ್ಸಿ ಹೆಂಡತಿಯಾದ ಆಸೊಳನ್ನು ವಿಚಾರಿಸಿದನು. ಆಕೆಯ ಉಪಾಯದಂತೆ ಇಬ್ಬರೂ ಹೊಳೆಯ ದಂಡೆಯಲ್ಲಿ, ಈ ಕೋಲು ಉದ್ದವೋ ಹೆಬ್ಬಾವು ಉದ್ದವೋ ಎಂದು ಜಗಳವಾಡಿದಂತೆ ನಟಿಸಿದರು. ಅಳೆದು ನೋಡಿರೆಂದು ಹೆಬ್ಬಾವು ತಾನಾಗಿ ಬಂದು ಕೋಲಿನ ಮಗ್ಗುಲಲ್ಲಿ ಚಾಚಿಕೊಂಡಿತು. ಅನಾನ್ಸಿ ಅದನ್ನು ಬಳ್ಳಿಯಿಂದ ಬಿಗಿದನು. ಚಿಕ್ಕವನು ಬಲಿಷ್ಠನನ್ನು ಗೆಲ್ಲುವ ಇಂಥ ಕಥೆಗಳು ದಾಸರ ಹಡಗುಗಳಲ್ಲಿ ಸಮುದ್ರವನ್ನು ದಾಟಿ ಜಮೈಕದಲ್ಲಿ ಇಂದಿಗೂ ಉಳಿದಿವೆ. ಕಥೆಗೆ ಸರಪಣಿ ಹಾಕಲು ಯಾವ ಯಜಮಾನನಿಂದಲೂ ಆಗಲಿಲ್ಲ.

ಆರನೆಯ ದಿನ, ಡಿಸೆಂಬರ್ 31, ‘ಕೂಂಬಾ’ ಅಂದರೆ ಸೃಷ್ಟಿಯ ದಿನ. ನಮಗೆ ದೊರೆತುದಕ್ಕಿಂತ ಅಂದವಾಗಿ ನಮ್ಮ ಸಮಾಜವನ್ನು ಬಿಟ್ಟುಹೋಗಬೇಕೆಂಬುದು ಇದರ ಭಾವ. ಸಂಜೆ ‘ಕರಾಮು’ ಎಂಬ ಔತಣ. ಈ ದಿನ ಮಕ್ಕಳಿಗೆ ಹೇಳಲು ಹ್ಯಾರಿಯೆಟ್ ಪವರ್ಸ್ ಎಂಬಾಕೆಯ ಚರಿತ್ರೆಗಿಂತ ಉತ್ತಮವಾದುದನ್ನು ನಾನರಿಯೆನು. ಆಕೆ 1837ರಲ್ಲಿ ಜಾರ್ಜಿಯ ಪ್ರಾಂತದಲ್ಲಿ ದಾಸಿಯಾಗಿ ಹುಟ್ಟಿದಳು. ಬಿಡುಗಡೆಯಾದ ಬಳಿಕ ಬಟ್ಟೆಯ ತುಂಡುಗಳನ್ನು ಆಕೃತಿಗಳಾಗಿ ಕತ್ತರಿಸಿ ಹೊದಿಕೆಯ ಮೇಲೆ ಹೊಲಿದು, ಏದೆನ್ ತೋಟ, ಯಾಕೋಬನ ಕನಸು, ಯೇಸುವಿನ ದೀಕ್ಷಾಸ್ನಾನ ಮೊದಲಾದ ಹನ್ನೊಂದು ಚಿತ್ರಗಳನ್ನು ಮಾಡಿದಳು. 1886ರ ಪ್ರದರ್ಶನದಲ್ಲಿ ಇದನ್ನು ಕಂಡ ಜೆನ್ನಿ ಸ್ಮಿತ್ ಎಂಬ ಚಿತ್ರಕಲೆಯ ಉಪಾಧ್ಯಾಯಿನಿಯು ಕೊಳ್ಳಬೇಕೆಂದಾಗ ಕೊಡಲೊಪ್ಪಲಿಲ್ಲ. 1891ರಲ್ಲಿ ಬಡತನ ಒತ್ತಿ, ಹತ್ತು ಡಾಲರು ಕೇಳಿ ಐದಕ್ಕೆ ಕೊಟ್ಟಳು. ಕೊಡುವಾಗ ಪ್ರತಿಯೊಂದು ಚಿತ್ರದ ಕಥೆಯನ್ನೂ ಹೇಳಿದಳು, ಸ್ಮಿತ್ ಬರೆದುಕೊಂಡಳು. ಬಳಿಕ ಹಲವು ಸಾರಿ ತನ್ನ ಹೊದಿಕೆಯನ್ನು ನೋಡಿಹೋಗಲು ಬಂದಳು. ಈಗ ಅದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದೆ. ಬಾಸ್ಟನ್ ಪಟ್ಟಣದ ಲಲಿತಕಲೆಗಳ ವಸ್ತುಸಂಗ್ರಹಾಲಯದಲ್ಲಿರುವ ಆಕೆಯ ಎರಡನೆಯ ಹೊದಿಕೆಯಲ್ಲಿ 1833ರ ನವೆಂಬರಿನಲ್ಲಿ ನಕ್ಷತ್ರಗಳು ಉದುರಿದ ರಾತ್ರಿಯ ಚಿತ್ರವಿದೆ. 1780ರ ಮೇ ತಿಂಗಳಲ್ಲಿ ನಡುಹಗಲು ಕತ್ತಲೆಗವಿದ ದಿನವೂ ಇದೆ. ಎರಡೂ ಆಕೆ ಹುಟ್ಟುವುದಕ್ಕೆ ಮುಂಚಿನವು. ಯಾರೋ ಹೇಳಿದರು, ಆಕೆ ಕೇಳಿದಳು, ಸೂಜಿಯಿಂದ ಬರೆದಳು.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ ಕಡೆಗಳಲ್ಲಿರುವ ಸಿದ್ದಿ ಜನರ ಪೂರ್ವಿಕರಲ್ಲಿ ಅನೇಕರನ್ನು ಪೋರ್ತುಗೀಸರು ಆಫ್ರಿಕದಿಂದ ಗೋವೆಗೆ ದಾಸರನ್ನಾಗಿ ತಂದಿದ್ದರು. ಕ್ವಾಂಜಾಕ್ಕೂ ಇವರಿಗೂ ನೇರವಾದ ಸಂಬಂಧವಿಲ್ಲ. ಆದರೂ ಸಿದ್ದಿ ಸ್ತ್ರೀಯರು ಹಳೆಯ ಸೀರೆ ಅಂಗಿಗಳ ತುಂಡುಗಳಿಂದ ಹೊಲಿಯುವ ಕೌದಿಯನ್ನು ನೋಡಿದವರಿಗೆ ಪವರ್ಸಳ ನೆನಪು ಬಾರದಿರದು. ಕೌದಿಯ ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಹೂವುಗಳನ್ನಿಡದೆ ಅವರು ಕೆಲಸವನ್ನು ಮುಗಿಸುವುದಿಲ್ಲ.

ಏಳನೆಯ ದಿನ ಮಕ್ಕಳಿಗೆ ಕೊಡುವ ಉಡುಗೊರೆಗಳಲ್ಲಿ ಒಂದು ಪುಸ್ತಕವೂ ಪೂರ್ವಿಕರನ್ನು ನೆನಪಿಗೆ ತರುವ ಒಂದು ವಸ್ತುವೂ ಇರಬೇಕು. ಕೈಯಿಂದ ಮಾಡಿದುದಾದರೆ ಲೇಸು. ಕುಟುಂಬದ ಹೊದಿಕೆಯೊಂದನ್ನು ಹೊಲಿಯುವುದಾದರೆ, ಹಿರಿಯರು ಬಲ್ಲ ಪ್ರತಿಯೊಂದು ಹೆಸರಿಗೂ ಒಂದೊಂದು ಚೌಕವನ್ನಿಟ್ಟು, ಯಾರೂ ಅರಿಯದ ಹೆಸರಿನ ಚೌಕವನ್ನು ಬರಿದಾಗಿ ಬಿಡಬಹುದು. ಮುಂದೆ ಯಾವ ಹಳೆಯ ಕಾಗದದಲ್ಲಾದರೂ ಆ ಹೆಸರು ಸಿಕ್ಕಿದರೆ ಹೊಲಿಯಲು ಅಲ್ಲಿ ಸ್ಥಳವಿರುವುದು.