ಡೊಂಬಿವಲಿಯಿಂದ ಹುಬ್ಬಳ್ಳಿಗೆ ಎಲೆಕ್ಟ್ರಿಕ್ ಕಾರು

ಪ್ರಶ್ನೆ: ಡೊಂಬಿವಲಿಯ ಓದುಗರೊಬ್ಬರಿಗೆ ಎಲೆಕ್ಟ್ರಿಕ್ ಕಾರಿನಲ್ಲಿ ಹುಬ್ಬಳ್ಳಿಗೆ ಹೋಗುವಾಸೆ. ‘ಅದು ಠಾಣೆ, ಕಲ್ಯಾಣ ಸುತ್ತಲಿಕ್ಕಷ್ಟೇ ಸರಿ’ ಎನ್ನುತ್ತಾರಂತೆ ನೆರೆಯವರು.

ಉತ್ತರ: ಧಾರಾಳವಾಗಿ ಹೋಗಬಹುದು.

ಆದರೆ ಜಾಹೀರಾತಿನ ಅಂಕಿ ನಂಬಿ ಹೊರಡಬಾರದು. 45 ಕಿಲೋವ್ಯಾಟ್-ಅವರ್ ಬ್ಯಾಟರಿಯ ಟಾಟಾ ನೆಕ್ಸಾನ್‌ಗೆ ಪರೀಕ್ಷೆಯಲ್ಲಿ ಸಿಕ್ಕಿದ್ದು 489 ಕಿ.ಮೀ.; ರಸ್ತೆಯ ಮೇಲೆ 350 ದಾಟಿದರೆ ಹೆಚ್ಚು. ಎಸಿ ಹಾಕಿ ಹೆದ್ದಾರಿಯಲ್ಲಿ ವೇಗವಾಗಿ ಓಡಿಸಿದರೆ ಇನ್ನೂ ಇಳಿಯುತ್ತದೆ. ಖಂಡಾಲಾ ಘಾಟಿಯ ಏರು ಬ್ಯಾಟರಿಯನ್ನು ಬೇಗ ಕರಗಿಸುತ್ತದೆ; ವಾಪಸು ಬರುವಾಗ ಅದೇ ಇಳಿಜಾರಿನಲ್ಲಿ ಸ್ವಲ್ಪ ಚಾರ್ಜ್ ಮರಳುತ್ತದೆ.

ಹುಬ್ಬಳ್ಳಿಗೆ ಸುಮಾರು 550 ಕಿ.ಮೀ. ಸಾತಾರಾ ಮತ್ತು ಕೊಲ್ಹಾಪುರದ ಆಸುಪಾಸಿನಲ್ಲಿ ಎರಡು ನಿಲುಗಡೆ ಇಟ್ಟುಕೊಂಡರೆ ಚಿಂತೆಯಿಲ್ಲ. ಶೇ. 80 ದಾಟಿದ ಮೇಲೆ ಚಾರ್ಜಿಂಗ್ ನಿಧಾನವಾಗುವುದರಿಂದ ಅಲ್ಲಿಗೇ ಪ್ಲಗ್ ತೆಗೆಯುವುದು ಜಾಣತನ. ಒಂದು ಕೇಂದ್ರ ಕೆಟ್ಟಿದ್ದರೆ ಮತ್ತೊಂದಕ್ಕೆ ಹೋಗುವಷ್ಟು ಚಾರ್ಜ್ ಉಳಿದಿರಲಿ.

ಹೊರಡುವ ಹಿಂದಿನ ರಾತ್ರಿ ಮನೆಯಲ್ಲೇ ಚಾರ್ಜ್ ಮಾಡಬಹುದು: 15 ಆಂಪ್ ಸಾಕೆಟ್‌ನಿಂದ ಹತ್ತು ಗಂಟೆಯಲ್ಲಿ ಸುಮಾರು 30 ಯೂನಿಟ್. ಸೊಸೈಟಿಯವರು ತಕರಾರು ತೆಗೆದರೆ, ಇರುವ ವಿದ್ಯುತ್ ಸಂಪರ್ಕದಿಂದಲೇ ಚಾರ್ಜ್ ಮಾಡಲು ಅವಕಾಶ ಕೊಡುವ ಕೇಂದ್ರ ಸರ್ಕಾರದ 2024ರ ಮಾರ್ಗಸೂಚಿ ತೋರಿಸಬಹುದು.