ಉಚ್ಚಾರಣ ಶಿಕ್ಷಣ: ಪ್ರಾಚೀನ ಶಾಸ್ತ್ರ, ನೂತನ ದರ್ಶನ

ವರ್ಣೋಚ್ಚಾರವನ್ನು ಕುರಿತ ನಮ್ಮ ಪ್ರಾಚೀನ ಶಾಸ್ತ್ರಕ್ಕೆ ‘ಶಿಕ್ಷಾ’ ಎಂದು ಹೆಸರು. ಆರು ವೇದಾಂಗಗಳಲ್ಲಿ ಅದೂ ಒಂದು. ಯಾವ ವರ್ಣವು ಯಾವ ಸ್ಥಾನದಲ್ಲಿ, ಯಾವ ಕರಣದಿಂದ, ಎಂತಹ ಪ್ರಯತ್ನದಿಂದ ಹುಟ್ಟುವುದೆಂಬುದೇ ಅದರ ವಿಷಯ. ತವರ್ಗಕ್ಕೆ ದಂತ, ಟವರ್ಗಕ್ಕೆ ಮೂರ್ಧ. ಯಂತ್ರದ ನೆರವಿಲ್ಲದೆ, ತಮ್ಮ ನಾಲಗೆಯನ್ನೇ ಪರೀಕ್ಷಿಸಿ ಪೂರ್ವಿಕರು ಇದನ್ನು ಕಂಡುಕೊಂಡರು. ಆದರೆ ನುಡಿಯುತ್ತಿರುವ ಬಾಯಿಯ ಒಳಗನ್ನೂ ಅದನ್ನು ಆಳುವ ಮಿದುಳನ್ನೂ ಕಣ್ಣಾರೆ ಕಾಣುವ ಅವಕಾಶ ಅವರಿಗಿರಲಿಲ್ಲ.

ಆ ಅವಕಾಶ ಈಗ ಒದಗಿದೆ. ಹಿಂದೆ ಬಳಸುತ್ತಿದ್ದ ಕ್ಷ-ಕಿರಣ ದೇಹಕ್ಕೆ ಹಾನಿಕರ. ಎಂ.ಆರ್.ಐ. ಯಂತ್ರವಾದರೋ ಕಾಂತಕ್ಷೇತ್ರ ಮತ್ತು ರೇಡಿಯೋ ತರಂಗಗಳಿಂದ ಒಳಗಿನ ಬಿಂಬವನ್ನು ಪಡೆಯುತ್ತದೆ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಶ್ರೀಕಾಂತ್ ನಾರಾಯಣನ್ ಮತ್ತು ಅವರ ಸಹೋದ್ಯೋಗಿಗಳು, ಮಾತನಾಡುತ್ತಿರುವಾಗಲೇ ತುಟಿ, ನಾಲಗೆ, ಮೃದುತಾಲುಗಳ ಚಲನೆಯನ್ನು ಚಿತ್ರಿಸುವ ವಿಧಾನವನ್ನು 2004ರಲ್ಲಿ ಪ್ರಕಟಿಸಿದರು. ಅದಕ್ಕೆ ಮುನ್ನ, 1999ರಲ್ಲಿ, ತಮಿಳಿನ ರ, ಲ, ಳ, ೞ ಧ್ವನಿಗಳನ್ನು ಈ ಯಂತ್ರದ ಬಿಂಬಗಳ ನೆರವಿನಿಂದ ಅವರು ಪರಿಶೀಲಿಸಿದ್ದರು. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ವಿವೇಚಿಸಿರುವ ರಳವೇ ಈ ೞಕಾರ. ನಮ್ಮ ನಾಲಗೆಯಿಂದ ಅದು ಜಾರಿಹೋಗಿದೆ. ಹಳಗನ್ನಡದ ‘ಮೞೆ’ ನಮಗೆ ‘ಮಳೆ’ಯಾಗಿದೆ.

ಇನ್ನು ಮಿದುಳಿನ ವಿಚಾರ. ಮಿದುಳಿನ ಯಾವ ಭಾಗ ಕಾರ್ಯೋನ್ಮುಖವಾಗುವುದೋ ಅಲ್ಲಿ ರಕ್ತಪ್ರವಾಹ ಹೆಚ್ಚಿ, ರಕ್ತದಲ್ಲಿನ ಆಮ್ಲಜನಕದ ಪ್ರಮಾಣ ಬದಲಾಗುತ್ತದೆ. ಈ ಬದಲಾವಣೆಯನ್ನು ಬಿಂಬದಲ್ಲಿ ಗುರುತಿಸಬಹುದೆಂದು ಜಪಾನಿನ ವಿಜ್ಞಾನಿ ಸೈಜಿ ಒಗಾವಾ 1990ರಲ್ಲಿ ತೋರಿಸಿದರು.

ಧ್ವನಿಯನ್ನು ನಾವು ಕಲಿಯುವುದು ಹೇಗೆ? ಕೆನಡಾದ ವೆರ್ಕರ್ ಮತ್ತು ಟೀಸ್ ಎಂಬ ಸಂಶೋಧಕರು 1984ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಸ್ಮರಣೀಯ. ಹಿಂದಿಯ ತ-ಟ ಭೇದವನ್ನು ಇಂಗ್ಲಿಷ್ ಮನೆಮಾತಿನ 6ರಿಂದ 8 ತಿಂಗಳ ಶಿಶುಗಳಲ್ಲಿ ಹೆಚ್ಚಿನವು ಗುರುತಿಸಿದವು. 10ರಿಂದ 12 ತಿಂಗಳವುಗಳಲ್ಲಿ ಹಾಗೆ ಗುರುತಿಸಿದವು ಕೆಲವೇ. ಮನೆಯಲ್ಲಿ ಕೇಳಿಬರದ ಭೇದವನ್ನು ಕಿವಿ ವರ್ಷ ತುಂಬುವುದರೊಳಗೆ ಕೈಬಿಡತೊಡಗುತ್ತದೆ. ಹಾಗಾದರೆ ಅದು ಮರಳಿ ಬಾರದೇ? 2004ರಲ್ಲಿ ಗೊಲೆಸ್ತಾನಿ ಮತ್ತು ಜಾಟೋರ್ ಇಂಗ್ಲಿಷ್ ಮಾತಿನ ವಯಸ್ಕರಿಗೆ ಇದೇ ದಂತ್ಯ-ಮೂರ್ಧನ್ಯ ಭೇದವನ್ನು ಕಲಿಸಿ, ಕಲಿಕೆಗೆ ಮೊದಲೂ ಅನಂತರವೂ ಮಿದುಳಿನ ಬಿಂಬಗಳನ್ನು ತೆಗೆದರು. ಕಲಿತ ಮೇಲೆ, ಸ್ವಭಾಷೆಯ ಧ್ವನಿಗಳನ್ನು ಗ್ರಹಿಸುವ ಭಾಗಗಳೇ ಹೊಸ ಧ್ವನಿಗೂ ತೊಡಗಿಕೊಂಡಿದ್ದುವು. ಎಲ್ಲರೂ ಸಮನಾಗಿ ಕಲಿಯಲಿಲ್ಲ. ಆದರೂ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

ಅಧ್ಯಾಪಕರು ಇದರಿಂದ ಗ್ರಹಿಸಬೇಕಾದುದೇನು? ‘ಹಾಲು’ ಎಂಬುದನ್ನು ‘ಆಲು’ ಎಂದೋ ‘ಬಾಳೆ’ಯನ್ನು ‘ಬಾಲೆ’ ಎಂದೋ ಓದುವ ಬಾಲಕನು ಸೋಮಾರಿಯೂ ಅಲ್ಲ, ಮಂದನೂ ಅಲ್ಲ. ಅವನ ಕಿವಿ ಮನೆಯ ನುಡಿಗೆ ವಿಧೇಯವಾಗಿದೆ, ಅಷ್ಟೆ. ಅಂತಹವರನ್ನು ತರಗತಿಯ ಮುಂದೆ ನಿಲ್ಲಿಸಿ ಗದರಿದ ಅಧ್ಯಾಪಕರಲ್ಲಿ ನಾನೂ ಒಬ್ಬನೆಂದು ಸಂಕೋಚದಿಂದ ಒಪ್ಪಿಕೊಳ್ಳುತ್ತೇನೆ. ಅನಂತರ ಗಟ್ಟಿಯಾಗಿ ಓದುವುದನ್ನೇ ಬಿಟ್ಟವರುಂಟು. ರಳವನ್ನು ಕಳೆದುಕೊಂಡ ನನ್ನ ನಾಲಗೆಯನ್ನು ಮಾತ್ರ ಯಾರೂ ಗದರಲಿಲ್ಲ!

ಮೊದಲು ಕಿವಿಗೆ ಭೇದವನ್ನು ಕೇಳಿಸಬೇಕು; ‘ಹುಲಿ-ಹುಳಿ’, ‘ಬಲೆ-ಬಳೆ’ಗಳಂತಹ ಜೋಡಿಪದಗಳನ್ನು ಮತ್ತೆ ಮತ್ತೆ ನುಡಿದು ತೋರಬೇಕು. ಬಳಿಕ ನಾಲಗೆಯ ತುದಿ ಎಲ್ಲಿ ತಾಗುತ್ತದೆಂದು ಮಗುವಿಗೇ ಗಮನಿಸಲು ಹೇಳಬೇಕು. ಕೊನೆಯದು ಅಭ್ಯಾಸ. ಇದಕ್ಕೆ ಯಂತ್ರ ಬೇಡ, ತಾಳ್ಮೆಯೊಂದಿದ್ದರೆ ಸಾಕು. ಮನೆಯ ಮಾತನ್ನು ಹಳಿಯದೆಯೇ ಗ್ರಂಥದ ಮಾತನ್ನು ಕಲಿಸಬಹುದು. ಜನರ ನುಡಿಯಲ್ಲೇ ಅನುಭಾವವನ್ನು ಸಾರಿದ ಶರಣರ ಪರಂಪರೆಯ ಈ ಶಾಲೆಗೆ ಅದೇ ಶೋಭೆ.

‘ಶಿಕ್ಷಾ’ ಎಂದರೆ ಕಲಿಸುವುದು. ಕನ್ನಡದಲ್ಲಿ ಅದೇ ಪದ ‘ಶಿಕ್ಷೆ’ಯಾಗಿ ದಂಡನೆಯ ಅರ್ಥವನ್ನೂ ತಾಳಿದೆ. ನಮ್ಮ ತರಗತಿಗಳಲ್ಲಿ ಮೊದಲಿನ ಅರ್ಥವೇ ಉಳಿಯಲಿ.